ಎರಡು ಹಲ್ಲಿನ ಕುರಿ

ಬೆಳಿಗ್ಗೆ ವೀರೇಶ ಹಲ್ಲುಜ್ಜುತ್ತಿದ್ದಾಗ ಬಂದ ಫೋನನ್ನು ಹೆಂಡತಿ ಸುಷ್ಮಿತಾ ತೆಗೆದುಕೊಂಡಳು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವನು ಬಚ್ಚಲ ಬಾಗಿಲಿಗೆ ಬಂದು ನಿಂತ. ಆಚೆಯ ದನಿ ಕೇಳಿಸುತ್ತಿರಲಿಲ್ಲ. ಸುಷ್ಮಿತಾ ಸೆರಗು ಸರಿಮಾಡಿಕೊಂಡು ಮಾತನಾಡುತ್ತಿದ್ದ ರೀತಿಯಿಂದ ಅದು ದೊಡ್ಡಮ್ಮ ಈಶ್ವರಮ್ಮ ಎಂದು ಗೊತ್ತಾಯಿತು.

'ದೊಡ್ಡತ್ತೆ,' ಎಂದಳು ಫೋನಿಟ್ಟು. 'ಕುರಿ ಎರಡಲ್ಲು ಹಾಕ್ಯಾವಂತೆ. ಬಾಯಿ ತೆಗ್ಯಾಕೆ ನೀವು ಬರಬೇಕಂತೆ.'

'ಯಾರಂದ್ರು?'

'ದೊಡ್ಡಮಾವ ಅಂದ್ರಂತೆ.'

'ಅವ್ರೇ ಅಂದ್ರೋ, ದೊಡ್ಡಮ್ಮ ತಾನೇ ಸೇರಿಸಿದ್ಲೋ?'

'ಅದನ್ನೆಲ್ಲ ನಾ ಹೆಂಗೆ ಕೇಳ್ಲಿ? ಮೊದ್ಲು ಉಗುಳಿ ಬರ್ರಿ.'

ಉಗುಳಿ ಬಂದ. ನಿಜವಾಗಿ ಅವನು ಕೇಳಬೇಕೆಂದಿದ್ದದ್ದು ಬೇರೆ: ಹಲ್ಲಿನ ಬಣ್ಣ ಯಾವುದು ಎಂದು ದೊಡ್ಡಮ್ಮ ಹೇಳಿದಳೇ? ಸುಷ್ಮಿತಾ ರೊಟ್ಟಿ ತಟ್ಟೆಗೆ ಹಾಕುತ್ತ, ಅವನ ಮುಖ ನೋಡದೆ, 'ಅದನ್ನ ನಾನೂ ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ' ಎಂದಳು.

ಅವನು ರೊಟ್ಟಿ ಮುರಿದ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡ, ಹಾಗೆಂದುಕೊಂಡದ್ದಕ್ಕೆ ನಾಚಿದ. ಎರಡು ವರ್ಷದ ಹಿಂದೆ, ಊರ ಮುಂದಿನ ಅರಳಿಕಟ್ಟೆಯಲ್ಲಿ ನಿಂತು, 'ಇನ್ನು ಮುಂದೆ ಹುಟ್ಟೋ ಮರಿಗೆ ಏನೂ ಆಗಲ್ಲ' ಎಂದು ಹೇಳಿದವನು ಅವನೇ. ಹೊಗೆ, ನೀರು, ಹುಲ್ಲಿನ ಪರೀಕ್ಷೆ ನೋಡಿಕೊಳ್ಳುವ ನೌಕರನಾಗಿ ಕಾರ್ಖಾನೆಯ ಪರವಾಗಿ ಹೇಳಿದ್ದ; ಆದರೆ ಕಾರ್ಖಾನೆಗೆ ಬಾಯಿ ಎಲ್ಲಿದೆ, ಜನ ಅವನ ಬಾಯಿಯನ್ನೇ ನೋಡಿದ್ದರು. ಆಗ ಅವನ ದೊಡ್ಡಪ್ಪ ಉಜ್ಜಪ್ಪ ಕಟ್ಟೆಯ ಕೆಳಗಿನಿಂದ, ಯಾರನ್ನೂ ಉದ್ದೇಶಿಸದೆ, 'ಆ ಮರಿ ಎರಡಲ್ಲು ಆಗ್ಲಿ, ನೋಡಣ. ಅವೂ ಕಂದು ಬಂದ್ರೆ ಮಂದೆ ಪೂರ್ತಿ ಕಡಿಯೋರಿಗೆ ಕೊಟ್ಟು ಕೋಲು ಮುರ್ದು ಹಾಕ್ತೀನಿ' ಎಂದಿದ್ದ. ಅಷ್ಟೇ. ಆಮೇಲೆ ಅಣ್ಣನ ಮನೆಯೂ ತಮ್ಮನ ಮಗನ ಮನೆಯೂ ಮದುವೆ ಮುಂಜಿಗಳಲ್ಲಿ ಎದುರಾದಾಗ ಊಟ ಆಯ್ತೇ ಎಂದು ಕೇಳಿಕೊಂಡದ್ದು ಬಿಟ್ಟರೆ ಮಾತಿರಲಿಲ್ಲ. ಆ ಮರಿಗಳು ಈಗ ಎರಡು ಹಲ್ಲು ಹಾಕಿದ್ದವು.

ಬೈಕಿನಲ್ಲಿ ಕೆಲಸಕ್ಕೆ ಹೋಗುವಾಗ ಟಾರು ರಸ್ತೆಯ ಅರ್ಧಭಾಗ ಮೆಕ್ಕೆಜೋಳ ಹರವಿತ್ತು. ಯಾರೋ ಕಾಲಿನಿಂದ ಗೆರೆ ಎಳೆಯುತ್ತ ಕಾಳು ಹೊರಳಿಸುತ್ತಿದ್ದರು. ಕಾಳುಗಳು ಬಿಸಿಲಿಗೆ ಹಲ್ಲಿನಂತೆ ಕಾಣುತ್ತಿದ್ದವು. ಇವತ್ತು ಎಲ್ಲವೂ ಹಾಗೇ ಕಾಣುತ್ತದೆ ಎಂದು ಅವನು ಕಣ್ಣನ್ನು ದೂರಕ್ಕೆ ಎತ್ತಿದ. ದೂರದಲ್ಲಿ ಕಾರ್ಖಾನೆಯ ಎರಡು ಗೋಪುರಗಳಿದ್ದವು. ಹಳೆಯದು ಕುಳ್ಳು, ಹೊಸದು ಉದ್ದ. ಹೊರಗಿನಿಂದ ಲಾರಿಯಲ್ಲಿ ಬರುವ ರಾಕ್ ಫಾಸ್ಫೇಟ್ ಎಂಬ ಶಿಲಾರಂಜಕದ ಕಲ್ಲನ್ನು ಅಲ್ಲಿ ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಸುಣ್ಣ ಕೂಡಿಸಿ ಬಿಳಿ ಹಿಟ್ಟು ತೆಗೆಯುತ್ತಾರೆ. ಹಿಟ್ಟು ಪಶು ಆಹಾರದವರಿಗೆ ಹೋಗುತ್ತದೆ. ಎಲ್ಲೆಲ್ಲಿಯದೋ ಹಸು, ಎಮ್ಮೆ, ಕೋಳಿಗಳ ಮೂಳೆ ಗಟ್ಟಿಯಾಗುತ್ತದೆ. ಕಲ್ಲಿನಲ್ಲಿ ಹುಟ್ಟಿನಿಂದಲೇ ಇರುವ ಫ್ಲೋರೈಡು ಹಿಟ್ಟಿಗೆ ಬರಬಾರದು, ಬಂದರೆ ಖರೀದಿದಾರರು ಲೋಡು ಹಿಂದಕ್ಕೆ ಕಳಿಸುತ್ತಾರೆ. ಆದ್ದರಿಂದ ಅದನ್ನು ಬಹಳ ಶ್ರದ್ಧೆಯಿಂದ ತೆಗೆಯುತ್ತಾರೆ. ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಮೊದಲ ವರ್ಷಗಳಲ್ಲಿ ಅಷ್ಟೇ ಶ್ರದ್ಧೆಯಿಂದ ಕೇಳಿದವರಿರಲಿಲ್ಲ. ಅದು ಗಾಳಿಯಲ್ಲಿ, ಧೂಳಿನಲ್ಲಿ ಬೇಲಿ ದಾಟಿ ಮೂಡಣದ ಹುಲ್ಲಿನ ಮೇಲೆ ಇಳಿಯಿತು. ಹುಲ್ಲಿನ ಬಣ್ಣ ಬದಲಾಗಲಿಲ್ಲ, ವಾಸನೆ ಬರಲಿಲ್ಲ, ಕುರಿ ಸಾಯಲಿಲ್ಲ. ಹಲ್ಲು ಮಾತ್ರ ಕಂದಾಯಿತು, ಸವೆಯಿತು. ಕುರಿ ಸತ್ತಿದ್ದರೆ ಮೊದಲ ವಾರವೇ ಗಲಾಟೆಯಾಗುತ್ತಿತ್ತು ಎಂದು ಅವನು ಎಷ್ಟೋ ಸಲ ಯೋಚಿಸಿದ್ದಾನೆ.

ಕಟ್ಟೆಯ ಮಾತಿಗೂ ಮುಂಚಿನದು ಶಿಕಾರಿಪುರದ ಆ ಕುರಿ ಸಂತೆ. ಕುರಿಯ ವಯಸ್ಸನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೆಳದುಟಿ ಕೆಳಕ್ಕೊತ್ತಿ ನೋಡುತ್ತಾರೆ. ಸಣ್ಣ ಹಾಲುಹಲ್ಲಿದ್ದರೆ ಮರಿ. ನಡುವೆ ಅಗಲವಾದ ಎರಡು ಬಂದಿದ್ದರೆ ಎರಡಲ್ಲು, ಅದರ ಪಕ್ಕ ಇನ್ನೊಂದು ಜೋಡಿ ಬಂದರೆ ನಾಲ್ಕಲ್ಲು. ಸವೆದು ಸಂದುಬಿದ್ದರೆ ಮುದಿ, ಅದರ ದರ ಬೇರೆ. ಅವತ್ತು ವೀರೇಶ ಕಾರ್ಖಾನೆಯ ಕೆಲಸದ ಮೇಲೆ ಬ್ಯಾಂಕಿಗೆ ಬಂದವನು ದೊಡ್ಡಪ್ಪನನ್ನು ಕಂಡು ಸಂತೆಯೊಳಗೆ ಹೋಗಿದ್ದ. ಎದೆಯ ಮೇಲೆ ಕಾರ್ಖಾನೆಯ ಹೆಸರಿದ್ದ ನೀಲಿ ಅಂಗಿ ಹಾಕಿಕೊಂಡಿದ್ದ. ಉಜ್ಜಪ್ಪ ನಾಲ್ಕಲ್ಲಿನ ಕುರಿ ಎಂದ. ರಾಣೆಬೆನ್ನೂರು ಕಡೆಯ ವ್ಯಾಪಾರಿ ತುಟಿ ಒತ್ತಿ ನೋಡಿ, ಬೆರಳನ್ನು ಕುರಿಯ ಉಣ್ಣೆಗೇ ಒರೆಸಿ, 'ಏನಜ್ಜ, ಅಜ್ಜಿ ಕುರಿ ತಂದು ಹುಡುಗಿ ಅಂತೀಯಲ್ಲ' ಎಂದ. ಸುತ್ತ ನಿಂತವರು ನಕ್ಕರು. ಉಜ್ಜಪ್ಪ ಇನ್ನೊಂದು ಕುರಿಯ ಬಾಯಿ ತೆಗೆದ, ಅದೂ ಹಾಗೇ. ಇನ್ನೊಂದನ್ನು ಹಿಡಿಯಲು ಬಗ್ಗಿದವನು ಹಾಗೇ ನಿಂತ. ವ್ಯಾಪಾರಿಗೆ ಸಿಟ್ಟೂ ಇರಲಿಲ್ಲ. 'ಉಣ್ಣೆ ಕತ್ತರಿಸಿ ಎಳೇದು ಮಾಡ್ಕಂಡು ಬಂದೀಯ, ಈ ವಯಸ್ಸಿನಾಗೆ ಯಾಕಜ್ಜ' ಎಂದು ಮುಂದಿನವರ ಹಗ್ಗದ ಕುರಿಗಳ ಕಡೆಗೆ ಹೋದ. ಕುರಿ ಮಾರಲು ಹೋದಲ್ಲಿ ಒಂದು ಸಲವೂ ಹಲ್ಲಿನ ಸುಳ್ಳು ಹೇಳದವನು ಉಜ್ಜಪ್ಪ. ಅದು ಸುಳ್ಳಲ್ಲ ಎಂದು ಉಜ್ಜಪ್ಪನನ್ನು ಬಿಟ್ಟರೆ ಆ ಸಂತೆಯಲ್ಲಿ ಗೊತ್ತಿದ್ದವನು ವೀರೇಶ ಒಬ್ಬನೇ. ಹಿಂದಿನ ತಿಂಗಳಷ್ಟೇ ಹುಲ್ಲಿನ ಪರೀಕ್ಷೆಯ ಅಂಕಿ ಅವನ ಮೇಜಿಗೆ ಬಂದಿತ್ತು. ಅವನು ಅಂಗಿಯ ಮೇಲಿನ ಹೆಸರು ಕಾಣದಂತೆ ಕೈಕಟ್ಟಿಕೊಂಡು ನಿಂತಿದ್ದ. ದೊಡ್ಡಪ್ಪ ಆ ಕೈಗಳನ್ನೇ ನೋಡಿದ್ದ, ಮುಖವನ್ನಲ್ಲ.

'ವೀರೇಶ್, ಆಡಿಟ್ ಮೇಡಂ ಬಂದಾಯ್ತು' ಎಂದರು ಮ್ಯಾನೇಜರ್ ಹೇಮಂತ್, ಕಾರ್ಖಾನೆಯ ಗೇಟಿನಲ್ಲೇ ಕಾದಿದ್ದವರಂತೆ. 'ಒಂದೇ ಮಾತು. ಅವರು ಏನು ಕೇಳಿದ್ರೂ ನಂಬರ್ ಕೊಡಿ. ನೀರು, ಹೊಗೆ, ಹುಲ್ಲು, ಎಲ್ಲ ಚೆನ್ನಾಗಿದೆ ಈಗ. ಕತೆ ಹೇಳಬೇಡಿ.'

'ಇಲ್ಲ ಸಾರ್.'

'ಸಮುದಾಯದ ವಿಭಾಗದಲ್ಲಿ ನಮಗೆ ಯಾವಾಗಲೂ ಅಂಕ ಕಮ್ಮಿ ಬರುತ್ತೆ. ಬಸ್ ಸ್ಟ್ಯಾಂಡ್ ಕಟ್ಟಿಸಿದೀವಿ, ಶಾಲೆಗೆ ಬೆಂಚು ಕೊಟ್ಟಿದೀವಿ, ಕುಡಿಯೋ ನೀರಿನ ಘಟಕ ಇದೆ. ಇನ್ನೇನು ಮಾಡಬೇಕು ಹೇಳಿ.'

ಹೇಮಂತ್ ಕೆಟ್ಟವರಲ್ಲ. ಹೊಸ ಗೋಪುರ ಬೇಕು ಎಂದು ವೀರೇಶ ಕೇಳಿದಾಗ ಮೇಲಿನವರೊಂದಿಗೆ ಜಗಳವಾಡಿ ತರಿಸಿದವರು ಅವರೇ. ಕಲ್ಲುಪುಡಿ ಸಾಗುವ ದಾರಿಗೆ ಮುಚ್ಚಳ ಹಾಕಿಸಿದರು, ಧೂಳು ಹಿಡಿಯುವ ಚೀಲಗಳ ಸಾಲು ಕೂಡಿಸಿದರು, ತೊಳೆದ ನೀರನ್ನು ಹೊರಗೆ ಬಿಡದೆ ಮತ್ತೆ ಬಳಸುವಂತೆ ಮಾಡಿದರು. ಆದರೆ ಮಾಡಿದ್ದು ಕಾಣಬೇಕು ಎಂಬ ಅವಸರ ಅವರಿಗೆ. ಹೋದ ವರ್ಷದ ಸುಸ್ಥಿರತೆಯ ವರದಿಗೆ ಒಂದು ಫೋಟೊ ಬೇಕೆಂದು ಅವರು ವೀರೇಶನನ್ನು ಮೂಡಣದ ಹುಲ್ಲುಗಾವಲಿಗೆ ಕಳಿಸಿದ್ದರು. ಅವನು ಬೇರೆಯವರ ಮಂದೆಯ ಒಂದು ಮರಿಯನ್ನು ಹಿಡಿದು ತುಟಿ ಒತ್ತಿದ, ಫೋಟೊ ತೆಗೆಯುವವನು ತೆಗೆದ. ಹಲ್ಲು ಅಕ್ಕಿಯಂತೆ ಬೆಳ್ಳಗಿದ್ದವು. ಅವು ಹಾಲುಹಲ್ಲು. ತಾಯಿಯ ಹೊಟ್ಟೆಯಲ್ಲಿ ಆದವು. ಕಾರ್ಖಾನೆಯ ಗಾಳಿ ಅವಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಕೆಟ್ಟ ವರ್ಷಗಳಲ್ಲೂ ಮರಿಗಳ ಹಾಲುಹಲ್ಲು ಬೆಳ್ಳಗೇ ಇದ್ದವು. ಇದು ಅವನಿಗೆ ಗೊತ್ತಿತ್ತು, ಏಕೆಂದರೆ ಅಪ್ಪ ಸತ್ತಮೇಲೆ ಅವನು ಬೆಳೆದದ್ದು ಉಜ್ಜಪ್ಪನ ಹಟ್ಟಿಯಲ್ಲಿ. ಫೋಟೊ ಪೂರ್ಣಪುಟದಲ್ಲಿ ಅಚ್ಚಾಯಿತು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವನು ಹೇಳಲಿಲ್ಲ. ಯಾರೂ ಕೇಳಲಿಲ್ಲ ಎಂಬುದೂ ನಿಜ.

ಬಂದವಳು ನಾಗಶ್ರೀ. ಖರೀದಿದಾರರ ಪರವಾಗಿ ಕಾರ್ಖಾನೆಗಳಿಗೆ ಅಂಕ ಕೊಡುವ ಸಂಸ್ಥೆಯವಳು, ಇನ್ನೂ ಮೂವತ್ತು ದಾಟದವಳು. ಚೀಲಗಳ ಸಾಲನ್ನೂ ಗೋಪುರವನ್ನೂ ನೋಡಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಹೇಮಂತರ ಚಹಾ ಕುಡಿದು, ಬೇಲಿಯಾಚೆಯವರನ್ನು ನೋಡಬೇಕು ಎಂದಳು. ಹೇಮಂತ್ ಬಸ್ ಸ್ಟ್ಯಾಂಡಿನ ಮಾತೆತ್ತಿದರು.

'ಬಸ್ ಸ್ಟ್ಯಾಂಡ್ ಬರ್ತಾ ನೋಡ್ದೆ ಸಾರ್. ನಿಮ್ಮ ಹೆಸರು ಬಸ್ಸಿನ ಬೋರ್ಡಿಗಿಂತ ದೊಡ್ಡದಾಗಿ ಇದೆ. ಕುರಿ ಇರೋರ ಮನೆ ಯಾವುದಾದ್ರೂ?'

ಹೇಮಂತ್ ವೀರೇಶನ ಕಡೆ ನೋಡಿದರು. ಉಡುತಡಿ ಕಡೆ ನಮ್ಮ ದೊಡ್ಡಪ್ಪನ ಹಟ್ಟಿ ಇದೆ ಎಂದು ಹೇಳಬಹುದು, ಹೇಳದೆಯೂ ಇರಬಹುದು. ಹೇಳದಿದ್ದರೆ ಸಂಜೆ ತಾನೊಬ್ಬನೇ ಹೋಗಿ ನೋಡಬಹುದು, ಹಲ್ಲು ಕಂದಾಗಿದ್ದರೆ ಯಾರೂ ನೋಡದಂತೆ ಬರಬಹುದು. ಯೋಚನೆ ಇಷ್ಟು ಅಚ್ಚುಕಟ್ಟಾಗಿ, ಮೊದಲೇ ಮಡಚಿಟ್ಟ ಬಟ್ಟೆಯ ಹಾಗೆ ಬಂದದ್ದಕ್ಕೆ ಅವನಿಗೆ ಹೇಸಿಗೆಯಾಯಿತು. ಸಂತೆಯಲ್ಲಿ ಕೈಕಟ್ಟಿಕೊಂಡಾಗಲೂ ಹೀಗೇ ಅಚ್ಚುಕಟ್ಟಾಗಿತ್ತು.

'ನಮ್ಮ ದೊಡ್ಡಪ್ಪನದೇ ಐತ್ರಿ' ಎಂದ. 'ಇವತ್ತು ಹಲ್ಲು ನೋಡಾಕೆ ಕರ್ದಾರೆ.'

ಜೀಪಿನಲ್ಲಿ ನಾಗಶ್ರೀ ಮುಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿದಳು. ತಮ್ಮದು ಸೊರಬದ ಜಡೆ ಎಂದಳು. ಚಿಕ್ಕವಳಿದ್ದಾಗ ಅಜ್ಜ ಗುಡವಿಗೆ ಕರೆದುಕೊಂಡು ಹೋಗಿ ಕೆರೆಯ ಹಕ್ಕಿ ತೋರಿಸುತ್ತಿದ್ದರಂತೆ. 'ಹಕ್ಕಿ ಬಂದ್ರೆ ನೀರು ಸರಿ ಇದೆ ಅಂತ ಅರ್ಥ ಮಗಾ ಅನ್ನೋರು. ನಾನು ಈಗ ಅದನ್ನೇ ಸಂಬಳಕ್ಕೆ ಮಾಡ್ತಾ ಇದೀನಿ ನೋಡಿ ಮಾರಾಯ್ರೆ.' ಆಮೇಲೆ ನಗುತ್ತ, 'ನಿಮ್ಮ ಹೋದ ವರ್ಷದ ವರದಿಯಲ್ಲಿ ಒಂದು ಮರಿ ಹಲ್ಲು ಕಿರಿದು ನಿಂತಿದೆಯಲ್ಲ, ಅದು ಇವರದ್ದೇ ಹಟ್ಟಿದಾ?' ಎಂದಳು.

'ಅಲ್ಲ' ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ರಸ್ತೆಯ ಮೇಲಿನ ಮೆಕ್ಕೆಜೋಳ ತಪ್ಪಿಸಲು ಡ್ರೈವರ್ ಜೀಪನ್ನು ಮಣ್ಣಿಗಿಳಿಸಿದ. ಕೆಂಪು ಧೂಳು ಎದ್ದಿತು. ಧೂಳು ಕಂಡಾಗಲೆಲ್ಲ ಅದು ಯಾವ ಕಡೆ ಹೋಗುತ್ತದೆ ಎಂದು ನೋಡುವುದು ವೀರೇಶನಿಗೆ ರೂಢಿಯಾಗಿಬಿಟ್ಟಿತ್ತು. ಇದು ಮೂಡಣಕ್ಕೆ ಹೋಯಿತು. 'ಆ ಫೋಟೊ ನೋಡಿ ಏನೂ ಹೇಳಾಕಾಗಲ್ಲ ಮೇಡಂ. ಅವು ಹಾಲುಹಲ್ಲು. ಎರಡಲ್ಲು ಬರೋವರೆಗೂ ಗೊತ್ತಾಗಲ್ಲ.'

ಅವಳು ತಿರುಗಿ ನೋಡಿದಳು. 'ಮತ್ತೆ ಹಾಕಿದ್ಯಾಕೆ?'

'ಹಾಕ್ಬೇಡ್ರಿ ಅಂತ ನಾನು ಹೇಳ್ಲಿಲ್ಲ.'

ಜೀಪು ಕಾರ್ಖಾನೆ ಕಟ್ಟಿಸಿದ ಬಸ್ ಸ್ಟ್ಯಾಂಡು ದಾಟಿತು. ನೆರಳಿಗೆ ಒಂದು ನಾಯಿ ಮಲಗಿತ್ತು. ಉಜ್ಜಪ್ಪ ಈ ಬಸ್ ಸ್ಟ್ಯಾಂಡಿನಲ್ಲಿ ಕೂರುವುದಿಲ್ಲ, ಬಿಸಿಲಲ್ಲಿ ಆಚೆ ಬೇವಿನ ಮರದ ಕೆಳಗೆ ನಿಂತು ಬಸ್ಸು ಹಿಡಿಯುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು.

ಹಟ್ಟಿಯಲ್ಲಿ ಮಂದೆಯನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಮುಳ್ಳಿನ ಬೇಲಿಯ ಒಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವನ್ನು ಕಾಯಿಸಿದ್ದಾರೆ ಎಂದು ವೀರೇಶನಿಗೆ ನೋಡಿದ ಕೂಡಲೇ ಗೊತ್ತಾಯಿತು. ಹಿಕ್ಕೆ, ಹಸಿ ಉಣ್ಣೆ, ಹಾಲಿನ ವಾಸನೆ. ಈಶ್ವರಮ್ಮ ಬಾಗಿಲಲ್ಲಿ ನಿಂತು ನಾಗಶ್ರೀಯನ್ನು ಮೇಲಿಂದ ಕೆಳಗೆ ನೋಡಿದಳು.

'ಇದ್ಯಾರಪ ಇವ್ರು? ನಾ ನಿನ್ನ ಕರೆದ್ರೆ ನೀ ಸರ್ಕಾರನೇ ಕರ್ಕಂಡು ಬಂದೀಯಲ್ಲ.'

'ಸರ್ಕಾರ ಅಲ್ಲಮ್ಮ, ನಾನು ಜಡೆಯವಳು' ಎಂದಳು ನಾಗಶ್ರೀ.

'ಜಡೆಯವ್ರಾ? ಹಂಗಾದ್ರೆ ಒಳಗೆ ಬರ್ರಿ. ನಾ ಎಲ್ಲೋ ಬೆಂಗ್ಳೂರಾಕೆ ಅನ್ಕಂಡೆ.' ಒಳಗೆ ಹೋಗುವ ಮೊದಲು ಅವಳು ವೀರೇಶನ ಹತ್ತಿರ ಬಂದು ಅವನ ಅಂಗಿಯ ತೋಳು ಮುಟ್ಟಿದಳು, ಬಟ್ಟೆ ನೋಡುವವಳ ಹಾಗೆ. 'ಸೊರಗೀಯ. ಆಕೆ ಉಣ್ಣಾಕೆ ಹಾಕ್ತಾಳೋ ಇಲ್ಲೋ.'

ಉಜ್ಜಪ್ಪ ಬೇಲಿಯ ಒಳಗೆ ಕಂಬಳಿಯ ಮೇಲೆ ಕೂತಿದ್ದ. ಏಳಲಿಲ್ಲ. 'ಬಂದೇನು' ಎಂದ. ಅದು ಪ್ರಶ್ನೆಯೂ ಅಲ್ಲ, ಸ್ವಾಗತವೂ ಅಲ್ಲ. ಅವನ ಬಲಗೈಯ ಹೆಬ್ಬೆರಳು ಮೊದಲಿಗಿಂತ ಹೆಚ್ಚು ಸೆಟೆದಿತ್ತು. ವೀರೇಶ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಟಗರೊಂದು ಗುದ್ದಿ ಮುರಿದ ಬೆರಳು ಅದು. ಆವತ್ತಿನಿಂದ ಆ ಮನೆಯಲ್ಲೊಂದು ರೂಢಿ ಬಿದ್ದಿತ್ತು. ವರ್ಷಕ್ಕೊಮ್ಮೆ, ಎಳೆಯ ಕುರಿಗಳು ಮೊದಲ ಜೋಡಿ ಹಲ್ಲು ಹಾಕಿದಾಗ, ಬೀರಪ್ಪ ದೇವರ ಅರಿಶಿನದ ಭಂಡಾರವನ್ನು ಕುರಿಯ ಹಣೆಗೆ ಹಚ್ಚಿ ಬಾಯಿ ತೆಗೆಯುವುದು ವೀರೇಶನ ಕೆಲಸ. ತೆಗೆದು, ಹಲ್ಲು ಕಂಡದ್ದನ್ನು ಕಂಡಂತೆ ಗಟ್ಟಿಯಾಗಿ ಕೂಗಬೇಕು. ಹಾಗೆ ಕೂಗದೆ ಯಾವ ಕುರಿಯೂ ಸಂತೆಗೆ ಹೋಗುತ್ತಿರಲಿಲ್ಲ. ಮನೆಯೊಳಗೆ ಕೂಗಿದ್ದೇ ಸಂತೆಯಲ್ಲಿ ಹೇಳುವ ಮಾತು ಎನ್ನುತ್ತಿದ್ದ ಉಜ್ಜಪ್ಪ. ಓದಲು ಶಿವಮೊಗ್ಗಕ್ಕೆ ಹೋದ ಮೇಲೂ, ಕಾರ್ಖಾನೆ ಸೇರಿದ ಮೇಲೂ ಅವನು ಈ ಒಂದು ದಿನ ತಪ್ಪಿಸಿರಲಿಲ್ಲ. ಆ ಸಂತೆಯ ನಂತರ ಕರೆ ಬರಲಿಲ್ಲ. ಆಮೇಲೆ ಯಾರೂ ಕೂಗಲಿಲ್ಲವಂತೆ. ಉಜ್ಜಪ್ಪ ಬಾಯಿ ತೆಗೆಯದೆ, ವಯಸ್ಸು ಹೇಳದೆ, ತೂಕದ ಮೇಲೆ ಮಾರಿಬಿಡುತ್ತಿದ್ದನಂತೆ.

ಕಂಬಳಿಯ ಪಕ್ಕ ಒಂದು ತಟ್ಟೆಯಲ್ಲಿ ಭಂಡಾರವಿತ್ತು. ಹಳದಿ ಪುಡಿಯನ್ನು ನೋಡುತ್ತ ವೀರೇಶನಿಗೆ ತನ್ನ ಕಾರ್ಖಾನೆಯ ಬಿಳಿ ಪುಡಿ ನೆನಪಾಯಿತು. ಅದನ್ನೂ ಹೀಗೇ ತಟ್ಟೆಯಲ್ಲಿಟ್ಟು ಬಂದವರಿಗೆ ತೋರಿಸುತ್ತಾರೆ. ಒಮ್ಮೆ ಅವನು ಊರವರ ಮುಂದೆ ಅದರಲ್ಲೊಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ತೋರಿಸಿದ್ದ, ಏನೂ ಆಗಲ್ಲ ನೋಡ್ರಿ ಎಂದು. ಆಗ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಆ ಪುಡಿ ಶುದ್ಧ. ಬೇಲಿ ದಾಟಿದ್ದು ಆ ಪುಡಿಯಲ್ಲ. ನಾಲಿಗೆಯ ಮೇಲೆ ಸಪ್ಪೆ ಸುಣ್ಣದಂಥ ರುಚಿ ಈಗ ಬಂದ ಹಾಗಾಯಿತು.

'ಕೂಗ್ತೀಯಾ?' ಎಂದ ಉಜ್ಜಪ್ಪ.

'ನೀವು ನೋಡೀರಾ?'

'ಬೆರಳಿಗೆ ಎರಡಲ್ಲು ಹತ್ತಿದ್ವು. ನಂಗೆ ಹತ್ರದ್ದು ಎಲ್ಲಿ ಕಾಣ್ತೈತಿ. ನಿಮ್ಮ ದೊಡ್ಡವ್ವ ನೋಡ್ತೀನಿ ಅಂದ್ಲು, ಬ್ಯಾಡ ಅಂದೆ. ಅವನೇ ಹೇಳ್ಯಾನ ಕಟ್ಟಿ ಮ್ಯಾಲೆ ನಿಂತು. ಅವನೇ ಬಂದು ತೆಗೀಲಿ ಅಂದೆ.'

ಅಂದರೆ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ತಾನೊಬ್ಬನೇ ಹೆದರಿದ್ದೇನೆ ಎಂದುಕೊಂಡಿದ್ದ ಅವನಿಗೆ, ಈ ಮುದುಕ ಕುರಿಗಳನ್ನು ಹಸಿವಿಗೆ ನಿಲ್ಲಿಸಿ, ಬೇಲಿಯೊಳಗೆ ಕೂತು, ತನ್ನಷ್ಟೇ ಹೆದರಿದ್ದಾನೆ ಎಂದು ಆಗ ಹೊಳೆಯಿತು. ಅದರಿಂದ ಧೈರ್ಯವೇನೂ ಬರಲಿಲ್ಲ. ಕಾಲು ಮಾತ್ರ ಮುಂದೆ ಹೋದವು.

ಮೊದಲ ಕುರಿ ಕಪ್ಪು. ಈಶ್ವರಮ್ಮ ಕುತ್ತಿಗೆ ಹಿಡಿದಳು. ವೀರೇಶ ಮೊಣಕಾಲೂರಿ ಹಣೆಗೆ ಭಂಡಾರ ಹಚ್ಚಿ, ಎಡಗೈಯಲ್ಲಿ ದವಡೆ ಹಿಡಿದು, ಹೆಬ್ಬೆರಳಿಂದ ತುಟಿ ಕೆಳಕ್ಕೊತ್ತಿದ. ಬೆರಳಿಗೆ ಮರೆತಿರಲಿಲ್ಲ. ಬಿಸಿ ಉಸಿರು, ಮೆಲುಕು ಹಾಕಿದ ಹುಲ್ಲಿನ ಹುಳಿ ವಾಸನೆ. ಒಂದು ಕ್ಷಣ ಎಲ್ಲ ಜೊಲ್ಲಿನಲ್ಲಿ ಹೊಳೆದು ಏನೂ ಕಾಣಲಿಲ್ಲ. ಅಂಗಿಯ ತುದಿಯಿಂದ ಒರೆಸಿದ. ನಡುವೆ ಎರಡು ಹಲ್ಲು, ಅಗಲವಾಗಿ, ಒಂದಕ್ಕೊಂದು ತಾಗಿ, ಬೆಳ್ಳಗೆ. ತೆಂಗಿನಕಾಯಿಯ ಒಳಗಿನ ಬಿಳಿ ಅಲ್ಲ, ಸುಣ್ಣದ ಬಿಳಿಯೂ ಅಲ್ಲ. ಬೆಳಕು ಒಳಗೆ ಹೋಗಿ ನಿಲ್ಲುವಂಥ ಬಿಳಿ. ಅವನು ನೋಡುತ್ತಲೇ ಇದ್ದ.

'ಕೂಗೋ' ಎಂದ ಉಜ್ಜಪ್ಪ.

'ಎರಡಲ್ಲು' ಎಂದ ವೀರೇಶ. ಅದು ಕೂಗಿದಂತಾಗಲಿಲ್ಲ. ಮತ್ತೆ ಕೂಗಿದ. 'ಎರಡಲ್ಲು. ಹಾಲಿನಂಗದಾವೆ.'

ಉಜ್ಜಪ್ಪ ಕೋಲನ್ನು ತೊಡೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟ. ಎರಡನೆಯ ಕುರಿ, ಮೂರನೆಯದು. ವೀರೇಶ ಕೂಗುತ್ತಲೇ ಹೋದ, ದನಿ ದೊಡ್ಡದಾಯಿತು. ನಾಗಶ್ರೀ ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. 'ಮೇಲಿನ ಹಲ್ಲು ಇಲ್ಲವಲ್ಲ ಇವಕ್ಕೆ' ಎಂದಳು. 'ಇದ್ದಿದ್ರೆ ಇವ್ನ ಬೆರಳು ಇಷ್ಟೊತ್ತಿಗೆ ಇರ್ತಿರಲಿಲ್ಲವ್ವ' ಎಂದಳು ಈಶ್ವರಮ್ಮ. 'ನಿಮ್ಮ ಆಫೀಸರ್ರಿಗೂ ಮ್ಯಾಲಿಂದು ಇರಲ್ಲ ಅಲ್ಲೇನು, ಬರೀ ಮೆಲುಕು ಹಾಕ್ತಾರೆ.' ನಾಗಶ್ರೀ ಜೋರಾಗಿ ನಕ್ಕಳು. ಉಜ್ಜಪ್ಪನ ಮುಖದಲ್ಲೂ ಏನೋ ಸಡಿಲವಾಯಿತು. ಏರುಬಿಸಿಲು ಈಗ ಉಣ್ಣೆಯ ಮೇಲೆಲ್ಲ ಹರಡಿತ್ತು. ಎದೆಯೊಳಗೆ ಎಷ್ಟೋ ದಿನದಿಂದ ಮಡಚಿಟ್ಟಿದ್ದದ್ದು ಬಿಚ್ಚಿಕೊಳ್ಳುತ್ತಿರುವಂತೆ ವೀರೇಶನಿಗೆ ಅನ್ನಿಸಿತು. ಸಾಕು, ಇಲ್ಲಿಗೇ ನಿಲ್ಲಿಸಿದರೂ ಸಾಕು ಎಂದೂ ಅನ್ನಿಸಿತು.

ಆಮೇಲಿನದು ಕಂದುಮುಖದ ಸಣ್ಣ ಕುರಿ. ತುಟಿ ಒತ್ತಿದ, ಒರೆಸಿದ. ಹಲ್ಲು ಬೆಳ್ಳಗಿದ್ದವು. ಆದರೆ ಎರಡರ ಮೈಮೇಲೂ, ನಡುಮಟ್ಟದಲ್ಲಿ ಅಡ್ಡಡ್ಡ, ಒಂದು ಗೆರೆಯಿತ್ತು. ಸೀಮೆಸುಣ್ಣದಿಂದ ಎಳೆದಂತೆ ತೆಳ್ಳಗೆ, ಹೊಳಪಿಲ್ಲದೆ. ಗೆರೆಯ ಮೇಲೂ ಚೆನ್ನ, ಕೆಳಗೂ ಚೆನ್ನ. ಕಂದು ಅಲ್ಲ. ಸವೆತವೂ ಇಲ್ಲ. ಗೊತ್ತಿಲ್ಲದವರು ನೋಡಿದರೆ ಹುಲ್ಲಿನ ಎಳೆ ಎಂದುಕೊಳ್ಳುತ್ತಾರೆ. ಉಜ್ಜಪ್ಪನಿಗೆ ಕಾಣುವುದಿಲ್ಲ. ನಾಗಶ್ರೀಗೆ ಗೊತ್ತಾಗುವುದಿಲ್ಲ. ಈಶ್ವರಮ್ಮ ಕುರಿಯ ಕುತ್ತಿಗೆಯ ಆಚೆ ಇದ್ದಳು.

ಗೆರೆ ಯಾವಾಗಿನದು ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಹಲ್ಲು ದವಡೆಯೊಳಗೆ ದಿನದಿನ ಕಟ್ಟಿಕೊಳ್ಳುತ್ತದೆ, ಗೋಡೆಯ ಇಟ್ಟಿಗೆ ಸಾಲಿನ ಹಾಗೆ. ಆ ದಿನಗಳ ಗಾಳಿ ಆ ದಿನಗಳ ಸಾಲಿನಲ್ಲಿ ಉಳಿಯುತ್ತದೆ. ಹೋದ ಬೇಸಿಗೆಯಲ್ಲಿ ಧೂಳು ಹಿಡಿಯುವ ಚೀಲಗಳಲ್ಲಿ ಒಂದು ಹರಿದಿತ್ತು. ಹೊಸದು ಬರುವುದು ತಡವಾಯಿತು, ಲೋಡು ಕಳಿಸುವ ಒತ್ತಡವಿತ್ತು, ಯಂತ್ರ ನಿಲ್ಲಿಸೋಣ ಸಾರ್ ಎಂದು ಅವನು ಒಮ್ಮೆ ಹೇಳಿದ, ಎರಡನೆಯ ಸಲ ಹೇಳಲಿಲ್ಲ. ಬೇಲಿಯಂಚಿನ ಹುಲ್ಲಿನ ಪರೀಕ್ಷೆ ಆ ತಿಂಗಳು ಚೀಲ ಬದಲಾದ ಮೇಲೆ ಮಾಡಿದರು. ಅಂಕಿ ಚೆನ್ನಾಗಿ ಬಂತು. ಹುಲ್ಲು ಮರೆತಿತ್ತು. ಹಲ್ಲು ಮರೆತಿರಲಿಲ್ಲ.

'ಯಾಕೋ?' ಎಂದ ಉಜ್ಜಪ್ಪ.

ಕುರಿ ತಲೆ ಕೊಡವಿತು. ತುಟಿ ಮುಚ್ಚಿಕೊಂಡಿತು. ಮುಚ್ಚಿಕೊಂಡ ಬಾಯಿ ಎಲ್ಲ ಕುರಿಗಳ ಬಾಯಿಯ ಹಾಗೆಯೇ ಇತ್ತು. ಇನ್ನು ಬಾಯಿ ತೆಗೆಯಬೇಕಾಗಿಯೇ ಇರಲಿಲ್ಲ. ಸಂತೆಯ ನಗು, ಕಟ್ಟಿಕೊಂಡ ಕೈಗಳ ಭಾರ, ತಿರುಗಿ ನೋಡದೆ ಕುರಿ ಹೊಡೆದುಕೊಂಡು ಹೋದ ದೊಡ್ಡಪ್ಪನ ಬೆನ್ನು ಎಲ್ಲ ಒಟ್ಟಿಗೆ ಅಲ್ಲೇ ಬೇಲಿಯೊಳಗೆ ನಿಂತಿದ್ದವು. ಅವನು ಮತ್ತೆ ದವಡೆ ಹಿಡಿದು ತುಟಿ ಒತ್ತಿದ.

'ಎರಡಲ್ಲು' ಎಂದು ಕೂಗಿದ, ಮೊದಲಿನಷ್ಟೇ ಗಟ್ಟಿಯಾಗಿ. 'ನಡುವೆ ಒಂದು ಗೆರೆ ಐತಿ. ಬಿಳೇದು.'

ಕುರಿಯೊಂದು ಕೆಮ್ಮಿತು.

'ಅದು ಕುಂಟೀದು' ಎಂದಳು ಈಶ್ವರಮ್ಮ ನಿಧಾನವಾಗಿ. 'ಮುಳ್ಳು ಹೊಕ್ಕು ಕಾಲು ಬಾತಿತ್ತು ಬ್ಯಾಸಿಗ್ಯಾಗೆ. ಮಂದೆ ಸಂಗಡ ಗುಡ್ಡಕ್ಕೆ ಹೋಗ್ತಿರಲಿಲ್ಲ. ನಾನೇ ಅದನ್ನ ಫ್ಯಾಕ್ಟರಿ ಬೇಲಿ ಪಕ್ಕ ಕಟ್ಟಿ ಮೇಯಿಸ್ತಿದ್ದೆ.'

'ಬೇಸಿಗೇಲಿ ನಮ್ಮ ಕಡೆ ಒಂದು ಚೀಲ ಹರಿದಿತ್ತು' ಎಂದ ವೀರೇಶ. ಇದನ್ನು ನಾಗಶ್ರೀಗೆ ಹೇಳುತ್ತಿದ್ದಾನೋ, ದೊಡ್ಡಪ್ಪನಿಗೋ ಅವನಿಗೇ ಸ್ಪಷ್ಟವಿರಲಿಲ್ಲ. 'ಹೊಸದು ಬರೋವರೆಗೂ ಯಂತ್ರ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಅದರದ್ದೇ ಇದು. ಕುರಿಗೆ ತೊಂದ್ರೆ ಇಲ್ಲ, ಹಲ್ಲು ಸವೆಯಲ್ಲ. ಆದ್ರೆ ಗೆರೆ ಹೋಗಲ್ಲ.'

'ವರದಿಯಲ್ಲಿ ಇದು ಇಲ್ಲ' ಎಂದಳು ನಾಗಶ್ರೀ.

'ಇಲ್ಲ. ಸೇರಿಸ್ತೀನಿ. ಇನ್ನು ಚೀಲ ಹರಿದ್ರೆ ಯಂತ್ರ ನಿಲ್ಲಬೇಕು, ಒಂದು ಜೊತೆ ಮೊದ್ಲೇ ತರಿಸಿ ಇಟ್ಟಿರಬೇಕು. ಅದನ್ನ ನೀವೂ ಕೇಳ್ರಿ ನಮ್ಮ ಸಾಹೇಬ್ರಿಗೆ. ನಾನೊಬ್ನೇ ಕೇಳಿದ್ರೆ ಒಂದೇ ಸಲ ಕೇಳಿ ಸುಮ್ನಾಗ್ತೀನಿ.'

ಹಾಗೆ ಹೇಳಿದ ಮೇಲೆ ಹೇಮಂತರ ಮುಖ ಕಣ್ಣಮುಂದೆ ಬಂತು, ಅದು ಕತೆಯಾಯಿತಲ್ಲ ವೀರೇಶ್ ಎನ್ನುವ ಮುಖ. ಅದಕ್ಕೆ ಸಂಜೆಯೊಳಗೆ ಉತ್ತರ ಸಿದ್ಧವಾಗುತ್ತದೆ ಎನ್ನಿಸಿತು. ಉಜ್ಜಪ್ಪ ಎದ್ದ, ಕೋಲೂರಿ, ಎರಡು ಸಲ ಪ್ರಯತ್ನಿಸಿ. ಹತ್ತಿರ ಬಂದು ಸೆಟೆದ ಹೆಬ್ಬೆರಳನ್ನು ಕುರಿಯ ತುಟಿಗೆ ಹಚ್ಚಿದ. ಕಣ್ಣಿಗೆ ಕಾಣದ್ದನ್ನು ಉಗುರಿನಿಂದ ಹುಡುಕಿದ. ಹಲ್ಲಿನ ಮೇಲೆ ಉಗುರು ಜಾರಿ, ಒಂದು ಕಡೆ ಸ್ವಲ್ಪ ತಡೆದು, ಮತ್ತೆ ಜಾರಿತು.

'ಐತಿ' ಎಂದ. ಆಮೇಲೆ ಬೆರಳನ್ನು ಕುರಿಯ ಉಣ್ಣೆಗೆ ಒರೆಸಲು ಹೋದವನು ತನ್ನ ಪಂಚೆಗೇ ಒರೆಸಿಕೊಂಡ. 'ಹೋದ ಸಲದ ಕುರಿ ಬಾಯಾಗೆ ಹಿಂಗೆ ಉಗುರು ನಿಲ್ತಿತ್ತು. ಇದ್ರಾಗೆ ದಾಟಿ ಹೋಗ್ತೈತಿ.'

'ಮಾರ್ತೀರಾ ಅಜ್ಜ ಇದನ್ನ?' ಎಂದಳು ನಾಗಶ್ರೀ.

'ಯಾಕವ್ವ ಮಾರ್ಲಿ. ಇದಕ್ಕೆ ಗೆರೆ ಐತಿ ಅಂತ ಕೂಗಿ ಆತಲ್ಲ.' ಅವನು ಕಂದುಮುಖದ ಕುರಿಯನ್ನು ಮೊಣಕಾಲಿನಿಂದ ಮಂದೆಯೊಳಗೆ ತಳ್ಳಿದ. 'ಇರ್ಲಿ. ನಾಲ್ಕಲ್ಲು ಆದಾಗ ನೋಡಣ.'

ವೀರೇಶ ಇನ್ನೂ ಮೊಣಕಾಲಲ್ಲೇ ಇದ್ದ. ನಾಲ್ಕಲ್ಲು. ಈ ಜೋಡಿಯ ಎರಡು ಪಕ್ಕಕ್ಕೆ ಬರಬೇಕಾದ ಹಲ್ಲುಗಳು ಈಗ ಆ ಸಣ್ಣ ದವಡೆಯೊಳಗೆ, ಕತ್ತಲೆಯಲ್ಲಿ, ಇವತ್ತಿನ ಸಾಲು ಕಟ್ಟಿಕೊಳ್ಳುತ್ತಿವೆ. ಇವತ್ತು ಗ್ರೈಂಡರ್ ಓಡುತ್ತಿದೆ, ಚೀಲಗಳು ಒಳಗಿನ ಗಾಳಿಗೆ ಉಬ್ಬಿವೆ, ಗಾಳಿ ಮೂಡಣಕ್ಕಿದೆ. ನಾಳೆಯೂ ಒಂದು ಸಾಲು.

'ಏನು ಧ್ಯಾನ ಮಾಡ್ತೀಯ' ಎಂದ ಉಜ್ಜಪ್ಪ. 'ಇನ್ನೂ ಎಷ್ಟು ಬಾಯಿ ಅದಾವೆ. ಹಸ್ದಾವೆ ಅವು. ಭತ್ತ ಕೊಯ್ದ ಮ್ಯಾಲೆ ಕುರಿ ತರುಬಾಕೆ ಯಾರ ಹೊಲಕ್ಕೆ ಹೋಗ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ನಿಮ್ಮ ಫ್ಯಾಕ್ಟರಿ ಬೇಲಿ ಒಳಗೆ ಗಿಡ ಹಚ್ಚೀರಲ್ಲ, ಆ ನೆಲಕ್ಕೆ ಗೊಬ್ರ ಬ್ಯಾಡೇನು? ರಾತ್ರಿ ಮಂದೆ ಮಲಗಿದ್ರೆ ನೆಲ ಎದ್ದು ಕೂರ್ತೈತಿ.'

ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬುವುದೆಂದರೆ ಆ ಹೊಲವನ್ನು ನಂಬುವುದು. ಕೆಟ್ಟ ನೆಲದ ಮೇಲೆ ಯಾರೂ ಮಂದೆ ಮಲಗಿಸುವುದಿಲ್ಲ. ವೀರೇಶ ತಲೆಯೆತ್ತಿ ನೋಡಿದ. ಉಜ್ಜಪ್ಪ ಅವನ ಮುಖವನ್ನೇ ನೋಡುತ್ತಿದ್ದ.

'ಕೇಳಿ ಹೇಳ್ತೀನಿ' ಎಂದ. ಆಮೇಲೆ, 'ಎರಡು ಸಲ ಕೇಳ್ತೀನಿ.'

'ಜ್ವಾಳ ಕೊಡಾಕೆ ಹೇಳು ಮತ್ತೆ. ಪುಗಸಟ್ಟೆ ಅಲ್ಲ' ಎಂದಳು ಈಶ್ವರಮ್ಮ, ಮುಂದಿನ ಕುರಿಯ ಕುತ್ತಿಗೆ ಹಿಡಿದು ಎಳೆಯುತ್ತ. ಅದು ಬರಲು ಒಲ್ಲದೆ ಕಾಲೂರಿ ನಿಂತಿತು. ನಾಗಶ್ರೀ ಹಿಂದಿನಿಂದ ತಳ್ಳಿದಳು. ವೀರೇಶ ತಟ್ಟೆಯಿಂದ ಭಂಡಾರ ತೆಗೆದುಕೊಂಡ, ಹಣೆಗೆ ಹಚ್ಚಿದ, ಹೆಬ್ಬೆರಳನ್ನು ತುಟಿಯ ಮೇಲಿಟ್ಟು, 'ಬಾಯಿ ಬಿಡು' ಎಂದ.